ಮನೆಯಲ್ಲೇ ಹಾಡಿನ ಧ್ವನಿಮುದ್ರಣ: ಕಡಿಮೆ ಖರ್ಚಿನ ಪಾಠ



ಮೂರು ವರ್ಷದ ಹಿಂದೆ ಅಮ್ಮ ಆರು ತಿಂಗಳಿಗೆಂದು ನಮ್ಮಲ್ಲಿಗೆ, ಅಮೆರಿಕಕ್ಕೆ, ಬಂದಿದ್ದರು. ಹಸೆ ಹಾಡು, ಆರತಿ ಹಾಡು, ದೇವರನಾಮ ಎಂದು ಸುಮಾರು ನಲವತ್ತು ಹಾಡುಗಳು ಅವರ ಬಾಯಲ್ಲಿವೆ. ಒಂದನ್ನೂ ಬರೆದಿಟ್ಟಿಲ್ಲ. ಟೀಪಾಯಿಯ ಮೇಲೆ ಫೋನ್ ಇಟ್ಟು ಎಲ್ಲವನ್ನೂ ರೆಕಾರ್ಡ್ ಮಾಡಿಕೊಂಡೆವು. ಅವರು ಊರಿಗೆ ಹೋದ ಮೇಲೆ ಕೂತು ಕೇಳಿದರೆ ಏಸಿಯ ಗುಂಯ್ ಸದ್ದು, ಡಿಶ್‌ವಾಷರ್ ಸದ್ದು; ಅಮ್ಮನ ದನಿ ಎಲ್ಲೋ ಬಾವಿಯೊಳಗಿಂದ ಬಂದಂತೆ! ದಿನವಿಡೀ ಸಾಫ್ಟ್‌ವೇರ್ ಬರೆಯುವ ನಾವು ಇದನ್ನೂ ಸಾಫ್ಟ್‌ವೇರಿನಿಂದ ಸರಿಮಾಡಬಹುದು ಎಂದುಕೊಂಡೆವು. ಆಗಲಿಲ್ಲ. ಗದ್ದಲ ತೆಗೆದಷ್ಟೂ ದನಿಯ ಜೀವವೂ ಹೋಯಿತು. ಕಳೆದ ಬೇಸಿಗೆಯಲ್ಲಿ ಅವರು ಮತ್ತೆ ಬರುವ ಹೊತ್ತಿಗೆ ನಾವು ಕಲಿತದ್ದನ್ನು ಇಲ್ಲಿ ಹಂಚಿಕೊಳ್ಳುತ್ತಿದ್ದೇವೆ.

1. ಮೊದಲು ಕೋಣೆ, ಆಮೇಲೆ ಮೈಕು

ಖಾಲಿ ಗೋಡೆ, ಮರದ ನೆಲ, ಗಾಜಿನ ಕಿಟಕಿ ಇವು ದನಿಯನ್ನು ಹಿಂದಕ್ಕೆ ಎಸೆಯುತ್ತವೆ. ಮೈಕಿಗೆ ಹಾಡೂ ಕೇಳುತ್ತದೆ, ಅದರ ಮರುದನಿಯೂ ಕೇಳುತ್ತದೆ. ಬಟ್ಟೆ ತುಂಬಿದ ವಾಕ್-ಇನ್ ಕ್ಲಾಸೆಟ್ ಇದ್ದರೆ ಅದೇ ನಿಮ್ಮ ಸ್ಟುಡಿಯೋ. ಇಲ್ಲದಿದ್ದರೆ ಮಲಗುವ ಕೋಣೆಯ ಮೂಲೆಯಲ್ಲಿ ನೆಲಕ್ಕೆ ಜಮಖಾನ ಹಾಸಿ, ಹಾಡುವವರ ಹಿಂದೆ ಮತ್ತು ಪಕ್ಕದಲ್ಲಿ ದಪ್ಪನೆಯ ರಜಾಯಿ ಅಥವಾ ಕೌದಿ ತೂಗುಹಾಕಿ. ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿ. ಟಣ್ ಎಂದು ಮೊಳಗಿದರೆ ಇನ್ನೊಂದು ರಜಾಯಿ ಬೇಕು. ಇದು ಮರುದನಿಗೆ ಮದ್ದು, ಹೊರಗಿನ ಸದ್ದಿಗಲ್ಲ. ಆದ್ದರಿಂದ ಏಸಿ ಅಥವಾ ಹೀಟರ್, ಫ್ಯಾನು, ಡಿಶ್‌ವಾಷರ್ ಎಲ್ಲವನ್ನೂ ಆರಿಸಿ.

2. ಏನೇನು ಕೊಳ್ಳಬೇಕು?

ಕಂಡೆನ್ಸರ್ ಮೈಕು ಬಹಳ ಸೂಕ್ಷ್ಮ. ಅದಕ್ಕೆ 48 ವೋಲ್ಟ್ ವಿದ್ಯುತ್ತು ಬೇಕು, ಪಕ್ಕದ ಕೋಣೆಯ ಮಾತನ್ನೂ ಹಿಡಿದುಬಿಡುತ್ತದೆ. ಡೈನಮಿಕ್ ಮೈಕಿಗೆ ಆ ವಿದ್ಯುತ್ತು ಬೇಡ, ಹತ್ತಿರದ ದನಿಯೇ ಅದಕ್ಕೆ ಮುಖ್ಯ. ಸಾಧಾರಣ ಮನೆಗೆ ಇದೇ ವಾಸಿ. ಇದರೊಂದಿಗೆ ಮೈಕನ್ನು ಕಂಪ್ಯೂಟರಿಗೆ ಜೋಡಿಸುವ ಆಡಿಯೋ ಇಂಟರ್‌ಫೇಸ್, ಕಿವಿ ಪೂರ್ತಿ ಮುಚ್ಚುವ ಹೆಡ್‌ಫೋನ್, ಸ್ಟ್ಯಾಂಡ್ ಮತ್ತು ಕೇಬಲ್ ಬೇಕು. ಎಲ್ಲ ಸೇರಿ ಸುಮಾರು 300 ಡಾಲರ್. ಅಷ್ಟು ಬೇಡವೆಂದರೆ ನೇರ ಯುಎಸ್‌ಬಿಗೆ ಸೇರುವ ಡೈನಮಿಕ್ ಮೈಕು 100 ಡಾಲರ್ ಒಳಗೇ ಸಿಗುತ್ತದೆ. ಆಡಾಸಿಟಿ ಎಂಬ ತಂತ್ರಾಂಶ ಉಚಿತ. ಕಸೂತಿಯ ಚೌಕಟ್ಟಿಗೆ ಹಳೆಯ ನೈಲಾನ್ ಕಾಲುಚೀಲ ಬಿಗಿದು ಮೈಕಿನ ಮುಂದಿಟ್ಟರೆ ‘ಪ’, ‘ಭ’ ಅಕ್ಷರಗಳ ಉಸಿರು ಮೈಕಿಗೆ ಬಡಿಯುವುದಿಲ್ಲ.

3. ದೂರ ಮತ್ತು ಮಟ್ಟ

ಬಾಯಿಗೂ ಮೈಕಿಗೂ ಒಂದು ಗೇಣು ಅಂತರವಿರಲಿ. ದೂರ ಎರಡು ಪಟ್ಟಾದರೆ ದನಿ ಸುಮಾರು 6 ಡೆಸಿಬೆಲ್ ಇಳಿಯುತ್ತದೆ, ಆದರೆ ಕೋಣೆಯ ಸದ್ದು ಇಳಿಯುವುದಿಲ್ಲ. ನಮ್ಮ ಮೊದಲ ತಪ್ಪು ಇದೇ.

ಹಾಡಿನ ಅತಿ ಎತ್ತರದ ಸಾಲನ್ನು ಮೊದಲು ಹಾಡಿಸಿ. ಆಗ ಮೀಟರಿನ ಮುಳ್ಳು ಮೈನಸ್ 12 ಡೆಸಿಬೆಲ್ ಆಸುಪಾಸಿನಲ್ಲಿರುವಂತೆ ಗೇನ್ ತಿರುಗಿಸಿ. ಸೊನ್ನೆ ಮುಟ್ಟಿದರೆ ಅಲೆಯ ತಲೆ ಕತ್ತರಿಸಿಹೋಗಿ ದನಿ ಒಡೆಯುತ್ತದೆ. ಆಮೇಲೆ ಕೂಡಿಸಲು ಬರುವುದಿಲ್ಲ.

ತಂಬೂರಿಯ ಶ್ರುತಿಯನ್ನು ಹೆಡ್‌ಫೋನಿನಲ್ಲಿ ಕೇಳಿಸಿ, ಒಂದು ಕಿವಿ ತೆರೆದಿರಲಿ. “ಇದನ್ನೆಲ್ಲ ತಲೆಗೆ ಹಾಕ್ಕೊಂಡು ನಾನು ಹಾಡಲ್ಲ ಕಣೋ” ಎಂದರು ಅಮ್ಮ. ಆಗ ಎಲೆಕ್ಟ್ರಾನಿಕ್ ತಂಬೂರಿಯನ್ನು ಮೈಕಿನ ಬೆನ್ನ ಹಿಂದೆ, ಸಣ್ಣ ದನಿಯಲ್ಲಿ ಇಟ್ಟೆವು. ಕಾರ್ಡಿಯಾಯ್ಡ್ ಮಾದರಿಯ ಮೈಕು ಹಿಂದಿನ ಸದ್ದನ್ನು ಬಹಳ ಕಡಿಮೆ ಹಿಡಿಯುತ್ತದೆ.

4. ಉಳಿಸುವ ಬಗೆ

ನಮ್ಮ ಕಿವಿಗೆ ಸೆಕೆಂಡಿಗೆ ಸುಮಾರು 20,000 ಕಂಪನಗಳವರೆಗೆ ಕೇಳುತ್ತದೆ. ಅದನ್ನು ಹಿಡಿಯಲು ಎರಡು ಪಟ್ಟಿಗಿಂತ ಹೆಚ್ಚು ಸಲ ಅಳೆಯಬೇಕು, ಸಿ.ಡಿ.ಯಲ್ಲಿ ಇದು 44,100 ಸಲ. ನೀವು 48,000, 24 ಬಿಟ್ ಎಂದು ಆರಿಸಿ, ವೇವ್ ಫೈಲಾಗಿ ಉಳಿಸಿ. ಒಂದು ಟ್ರ್ಯಾಕಿಗೆ ಗಂಟೆಗೆ ಸುಮಾರು 520 ಎಂಬಿ ಆಗುತ್ತದೆ. ಎಂಪಿ3 ಮಾಡಿದರೆ ಕೆಲವು ಅಂಶಗಳು ಶಾಶ್ವತವಾಗಿ ಹೋಗುತ್ತವೆ. ನೆಂಟರಿಗೆ ಕಳಿಸಲು ಮಾತ್ರ ಅದು ಸಾಕು. ಮೂರು ಪ್ರತಿ ಇಡಿ, ಒಂದು ಬೇರೆ ಮನೆಯಲ್ಲಿರಲಿ.

1902ರಲ್ಲಿ ಕಲ್ಕತ್ತೆಯಲ್ಲಿ ಗ್ರಾಮಫೋನಿಗೆ ಹಾಡಿದ ಗೌಹರ್ ಜಾನ್ ಹಾಡಿನ ಕೊನೆಯಲ್ಲಿ ತಮ್ಮ ಹೆಸರು ಹೇಳುತ್ತಿದ್ದರು. 1930ರಲ್ಲಿ ಮೈಸೂರಿನಲ್ಲಿ ತೀರಿಕೊಂಡ ಆ ಗಾಯಕಿಯ ಹೆಸರು ಇಂದಿಗೂ ಅವರ ದನಿಯಲ್ಲೇ ಕೇಳುತ್ತದೆ. ನೀವೂ ಪ್ರತಿ ಹಾಡಿನ ಮುಂಚೆ ಹಾಡುವವರ ಹೆಸರು, ಊರು, ಯಾರಿಂದ ಕಲಿತದ್ದು, ದಿನಾಂಕ ಇಷ್ಟನ್ನು ಅವರಿಂದಲೇ ಹೇಳಿಸಿ.

5. ಕೊನೆಯ ಮಾತು

ಈ ಸಲ ಅಮ್ಮನಿಗೆ ಕೆಲವು ಹಾಡುಗಳ ಸಾಲು ನೆನಪಿಗೆ ಬರಲಿಲ್ಲ. ಹಳೆಯ ರೆಕಾರ್ಡಿಂಗ್ ಕೇಳಿಸಿದೆವು. ಹೆಚ್ಚಿನವು ಮರಳಿ ಬಂದವು, ಮತ್ತೆ ಹಾಡಿದರು. ಎರಡು ಹಾಡಿನಲ್ಲಿ ಮಾತ್ರ ಆ ಸಾಲುಗಳು ಡಿಶ್‌ವಾಷರ್ ಸದ್ದಿನಡಿ ಮುಳುಗಿದ್ದವು. ಅವರಿಗೂ ನೆನಪಿಲ್ಲ, ನಮಗೂ ಕೇಳುವುದಿಲ್ಲ.

ಆದ್ದರಿಂದ ಸಾಮಾನು ಬರಲಿ ಎಂದು ಕಾಯಬೇಡಿ. ಹಿರಿಯರು ಈಗ ನಿಮ್ಮ ಮನೆಯಲ್ಲಿದ್ದರೆ, ಇವತ್ತೇ ಫೋನನ್ನು ಒಂದು ಗೇಣಿನ ದೂರಕ್ಕೆ ತಂದಿಡಿ, ಅಡುಗೆಮನೆಯ ಯಂತ್ರಗಳನ್ನು ಆರಿಸಿ, ಒಂದು ಹಾಡು ಹಾಡಿಸಿ. ಮೈಕನ್ನು ಮುಂದಿನ ತಿಂಗಳು ಕೊಳ್ಳಬಹುದು.