ಚಿಕಿತ್ಸೆಯ ಫಲಿತಾಂಶಕ್ಕೆ ತಕ್ಕ ಪಾವತಿ: ಲಾಭಗಳು ಮತ್ತು ಇತಿಮಿತಿಗಳು

ಆಸ್ಪತ್ರೆಗಳಿಗೆ ಹಣ ಸಂದಾಯವಾಗುವ ಪ್ರಮುಖ ವಿಧಾನಗಳು ಮೂರು. ಪ್ರತಿಯೊಂದು ಸೇವೆಗೂ ಪ್ರತ್ಯೇಕ ಶುಲ್ಕ ವಿಧಿಸುವುದು ಮೊದಲನೆಯದು. ಒಂದು ಚಿಕಿತ್ಸೆಗೆ ಮುಂಚಿತವಾಗಿ ಗೊತ್ತುಪಡಿಸಿದ ಪ್ಯಾಕೇಜ್ ದರವನ್ನು ಪಡೆಯುವುದು ಎರಡನೆಯದು. ರೋಗಿಗೆ ದೊರೆತ ಪ್ರಯೋಜನವನ್ನು ಅಳೆದು ಅದಕ್ಕನುಗುಣವಾಗಿ ಹಣ ನೀಡುವುದು ಮೂರನೆಯದು. ಇದನ್ನೇ ಮೌಲ್ಯಾಧಾರಿತ ಪಾವತಿ ಎನ್ನಲಾಗುತ್ತದೆ.

ಕರ್ನಾಟಕದ ಅನುಭವ

2003ರಲ್ಲಿ ಜಾರಿಗೆ ಬಂದ ಯಶಸ್ವಿನಿ ಯೋಜನೆಯು ಸಹಕಾರ ಸಂಘಗಳ ಸದಸ್ಯರಾದ ರೈತರಿಗೆ ಪ್ಯಾಕೇಜ್ ದರದ ಶಸ್ತ್ರಚಿಕಿತ್ಸೆಯನ್ನು ಒದಗಿಸಿತು. 2010ರ ವಾಜಪೇಯಿ ಆರೋಗ್ಯಶ್ರೀ ಹಾಗೂ 2018ರ ಆಯುಷ್ಮಾನ್ ಭಾರತ್–ಆರೋಗ್ಯ ಕರ್ನಾಟಕ ಯೋಜನೆಗಳು ಇದೇ ಕ್ರಮವನ್ನು ಅನುಸರಿಸಿದವು. 2023ರಲ್ಲಿ ರಾಷ್ಟ್ರೀಯ ಆರೋಗ್ಯ ಪ್ರಾಧಿಕಾರವು ಆಯುಷ್ಮಾನ್ ಭಾರತ್ ಆಸ್ಪತ್ರೆಗಳನ್ನು ಅಳೆಯಲು ಐದು ಮಾನದಂಡಗಳನ್ನು ಪ್ರಕಟಿಸಿತು. ಫಲಾನುಭವಿಯ ತೃಪ್ತಿ, ಮರುದಾಖಲಾತಿಯ ಪ್ರಮಾಣ, ರೋಗಿ ಕೈಯಿಂದ ಭರಿಸಿದ ವೆಚ್ಚ, ದೃಢಪಟ್ಟ ದೂರುಗಳು ಮತ್ತು ಜೀವನ ಗುಣಮಟ್ಟದ ಸುಧಾರಣೆ ಅವುಗಳಾಗಿವೆ.

ಲಾಭಗಳು

ಪ್ರತ್ಯೇಕ ಶುಲ್ಕದ ಪದ್ಧತಿಯಲ್ಲಿ ಪರೀಕ್ಷೆಗಳು ಹೆಚ್ಚಿದಷ್ಟೂ ಆದಾಯ ಹೆಚ್ಚುತ್ತದೆ. ಪ್ಯಾಕೇಜ್ ಪದ್ಧತಿಯಲ್ಲಿ ರೋಗಿಯನ್ನು ಬೇಗ ಮನೆಗೆ ಕಳುಹಿಸಿದಷ್ಟೂ ಉಳಿತಾಯ ಹೆಚ್ಚುತ್ತದೆ. ಮೌಲ್ಯಾಧಾರಿತ ಪದ್ಧತಿಯು ಈ ಎರಡೂ ಪ್ರಲೋಭನೆಗಳಿಗೆ ಕಡಿವಾಣ ಹಾಕುತ್ತದೆ. ಸೋಂಕು ತಡೆಗೆ ಮಾಡಿದ ಖರ್ಚು ಇಲ್ಲಿ ನಷ್ಟವಲ್ಲ, ಹೂಡಿಕೆ. ನೌಕರರಿಗೆ ಸಮೂಹ ವಿಮೆ ಮಾಡಿಸುವ ಉದ್ಯಮಿಗೂ ಕೊಟ್ಟ ಹಣಕ್ಕೆ ದೊರೆತ ಫಲ ಕಾಣುತ್ತದೆ.

ಇತಿಮಿತಿಗಳು

ಎರಡು ಆಸ್ಪತ್ರೆಗಳು ತಲಾ ರೂ. 40,000 ದರದಲ್ಲಿ 100 ರೋಗಿಗಳಿಗೆ ಚಿಕಿತ್ಸೆ ನೀಡಿದವೆಂದು ಭಾವಿಸೋಣ. ಒಂದು ಆಸ್ಪತ್ರೆ ಸಾಮಾನ್ಯ ಪ್ರಕರಣಗಳನ್ನಷ್ಟೇ ಆರಿಸಿಕೊಂಡಿದೆ. ಅಲ್ಲಿ 5 ಮಂದಿ ಮರುದಾಖಲಾಗುತ್ತಾರೆ. ಇನ್ನೊಂದು ಆಸ್ಪತ್ರೆ ಮಧುಮೇಹ ಉಲ್ಬಣಿಸಿದ ವೃದ್ಧರನ್ನೂ ಸೇರಿಸಿಕೊಂಡಿದೆ. ಅಲ್ಲಿ 12 ಮಂದಿ ಮರುದಾಖಲಾಗುತ್ತಾರೆ. ಮರುದಾಖಲಾತಿಗೆ ಶೇ. 3ರಷ್ಟು ಕಡಿತ ವಿಧಿಸಿದರೆ ಎರಡನೆಯ ಆಸ್ಪತ್ರೆಗೆ ರೂ. 1,20,000 ನಷ್ಟವಾಗುತ್ತದೆ. ಕಷ್ಟದ ರೋಗಿಯನ್ನು ಕೈಬಿಟ್ಟವನಿಗೆ ಬಹುಮಾನ, ಕೈಹಿಡಿದವನಿಗೆ ದಂಡ ಎಂಬಂತಾಗುತ್ತದೆ.

ಮೈಸೂರಿನ ಮಟ್ಟಿಗೆ ಇದು ಗಂಭೀರ ವಿಷಯ. ಕೆ.ಆರ್. ಆಸ್ಪತ್ರೆಯಂತಹ ಸರ್ಕಾರಿ ಸಂಸ್ಥೆಗೆ ರೋಗಿಗಳನ್ನು ಆರಿಸಿಕೊಳ್ಳುವ ಅವಕಾಶವಿಲ್ಲ. ಹೆಗ್ಗಡದೇವನಕೋಟೆ, ಚಾಮರಾಜನಗರದ ಕಡೆಯಿಂದ ತಡವಾಗಿ ಬರುವ ರೋಗಿಯು ಊರಿಗೆ ಮರಳಿದ ನಂತರ ಔಷಧಿಯನ್ನು ಸರಿಯಾಗಿ ಸೇವಿಸುವನೇ ಎಂಬುದು ಆಸ್ಪತ್ರೆಯ ಹತೋಟಿಯಲ್ಲಿರುವುದಿಲ್ಲ. ಸಣ್ಣ ನರ್ಸಿಂಗ್ ಹೋಂಗಳಿಗೆ ದಾಖಲೆ ನಿರ್ವಹಣೆಯ ವೆಚ್ಚವೂ ಹೊರೆಯಾಗುತ್ತದೆ.

ಅಮೆರಿಕದ ಮೆಡಿಕೇರ್ ಯೋಜನೆಯು 2012ರ ಅಕ್ಟೋಬರ್‌ನಿಂದ ಮರುದಾಖಲಾತಿಗೆ ಕಡಿತ ವಿಧಿಸತೊಡಗಿತು. ಬಡವರ ಸೇವೆ ಮಾಡುವ ಆಸ್ಪತ್ರೆಗಳಿಗೆ ಪೆಟ್ಟು ಬಿದ್ದುದರಿಂದ, 2016ರ ಕಾಯ್ದೆಯ ಮೂಲಕ ಬಡರೋಗಿಗಳ ಪ್ರಮಾಣ ಹೆಚ್ಚುಕಡಿಮೆ ಸಮನಾಗಿರುವ ಆಸ್ಪತ್ರೆಗಳನ್ನೇ ಪರಸ್ಪರ ಹೋಲಿಸುವ ಕ್ರಮವನ್ನು ತರಬೇಕಾಯಿತು.

ಗಮನಿಸಬೇಕಾದ ಅಂಶಗಳು

ಇಂತಹ ಒಪ್ಪಂದಕ್ಕೆ ಸಹಿ ಹಾಕುವ ಮುನ್ನ ಸಂಸ್ಥೆಗಳು ಮೂರು ಅಂಶಗಳನ್ನು ಖಚಿತಪಡಿಸಿಕೊಳ್ಳುವುದು ಸೂಕ್ತ:

1. ರೋಗದ ತೀವ್ರತೆ ಮತ್ತು ವಯಸ್ಸಿಗೆ ತಕ್ಕಂತೆ ಫಲಿತಾಂಶದ ಲೆಕ್ಕವನ್ನು ಸರಿಹೊಂದಿಸಲಾಗುವುದೇ?
2. ತಡೆಹಿಡಿದ ಹಣವನ್ನು ಎಷ್ಟು ದಿನಗಳೊಳಗೆ ಬಿಡುಗಡೆ ಮಾಡಲಾಗುವುದು?
3. ಅಳತೆಯ ಬಗ್ಗೆ ವಿವಾದ ಉಂಟಾದಲ್ಲಿ ತೀರ್ಮಾನಿಸುವವರು ಯಾರು?

ಇವುಗಳಿಗೆ ಲಿಖಿತ ಉತ್ತರ ದೊರೆಯದ ಒಪ್ಪಂದದಲ್ಲಿ ನಷ್ಟದ ಭಾರ ಮೊದಲು ಬೀಳುವುದು ಆಸ್ಪತ್ರೆಯ ಮೇಲೆ. ಅಂತಿಮವಾಗಿ ಬೀಳುವುದು, ದಾಖಲಾತಿ ಸಿಗದೆ ಹಿಂದಿರುಗುವ ರೋಗಿಯ ಮೇಲೆ.