ಔಷಧಿ ಅಂಗಡಿಯವರು ಚೀಟಿ ಕೇಳಿದರೆ ಬೇಸರ ಬೇಡ



ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆಯ ನಮ್ಮ ಮನೆಗಳಿಗೆ ಇದು ಹೊಸ ಮಾತಲ್ಲ. ದಾದಿಗೆ ರಾತ್ರಿ ನಿದ್ದೆ ಬರುವುದಿಲ್ಲ. ಎರಡು ವರ್ಷದ ಹಿಂದೆ ಬೆಳಗಾವಿಯಲ್ಲೋ ಮಿರಜದಲ್ಲೋ ವೈದ್ಯರು ಒಂದು ಗುಳಿಗೆ ಬರೆದುಕೊಟ್ಟಿದ್ದರು. ಅದರ ಖಾಲಿ ಸ್ಟ್ರಿಪ್ ಕೈಗಿಟ್ಟು ಮೊಮ್ಮಗನನ್ನು ಮೆಡಿಕಲ್‌ಗೆ ಕಳಿಸುತ್ತೇವೆ. ಅಂಗಡಿಯವರು, "ತಮ್ಮಾ, ಡಾಕ್ಟರ್ ಚೀಟಿ ತಗೊಂಡ ಬಾ, ಇದನ್ನ ಹಂಗ ಕೊಡಾಕ ಬರೂದಿಲ್ಲ" ಎಂದು ಹಿಂದಕ್ಕೆ ಕಳಿಸುತ್ತಾರೆ. ಮನೆಯಲ್ಲಿ ಸಿಟ್ಟು ಬರುತ್ತದೆ. ಹುಡುಗ ಮುಂದಿನ ಓಣಿಯ ಇನ್ನೊಂದು ಅಂಗಡಿಗೆ ಹೋಗುತ್ತಾನೆ. ಅಲ್ಲಿ ಏನೂ ಕೇಳದೆ ಕೊಡುತ್ತಾರೆ. "ಅವರೇ ಒಳ್ಳೆಯವರು" ಎನ್ನುತ್ತೇವೆ.

ಈ ಇಬ್ಬರಲ್ಲಿ ನಮ್ಮ ಹಿತ ಬಯಸಿದವರು ಯಾರು? ಈ ತಿಂಗಳ ಪಾಠದಲ್ಲಿ ಅದನ್ನೇ ತಿಳಿಯೋಣ.

ಯಾವ ಔಷಧಿಗೆ ಯಾವ ನಿಯಮ?

ನಮ್ಮ ದೇಶದಲ್ಲಿ ಔಷಧಿ ಮಾರಾಟಕ್ಕೆ 1940ರ ಔಷಧ ಮತ್ತು ಕಾಂತಿವರ್ಧಕ ಕಾಯ್ದೆ ಹಾಗೂ 1945ರ ನಿಯಮಗಳು ಆಧಾರ. ಈ ನಿಯಮಗಳಲ್ಲಿ ಔಷಧಿಗಳನ್ನು ಶೆಡ್ಯೂಲ್ ಎಂಬ ಪಟ್ಟಿಗಳಾಗಿ ವಿಂಗಡಿಸಿದ್ದಾರೆ. ನಾವು ಮುಖ್ಯವಾಗಿ ಮೂರನ್ನು ತಿಳಿದುಕೊಂಡರೆ ಸಾಕು.

ಮೊದಲನೆಯದು ಶೆಡ್ಯೂಲ್ ಎಚ್. ಈ ಔಷಧಿಗಳನ್ನು ನೋಂದಾಯಿತ ವೈದ್ಯರ ಚೀಟಿ ಇಲ್ಲದೆ ಮಾರುವಂತಿಲ್ಲ.

ಎರಡನೆಯದು ಶೆಡ್ಯೂಲ್ ಎಚ್-1. ಇದು 2014ರ ಮಾರ್ಚ್ 1ರಿಂದ ಜಾರಿಗೆ ಬಂತು. ಆರಂಭದಲ್ಲಿ ಇದರಲ್ಲಿ 46 ಔಷಧಿಗಳಿದ್ದವು. ನಿದ್ದೆಗೆ ಮತ್ತು ಆತಂಕಕ್ಕೆ ಕೊಡುವ ಆಲ್ಪ್ರಜೋಲಮ್, ಡಯಾಜೆಪಾಮ್, ನೈಟ್ರಜೆಪಾಮ್, ಜೋಲ್ಪಿಡೆಮ್, ಕೆಲವು ಕೆಮ್ಮಿನ ಸಿರಪ್‌ಗಳಲ್ಲಿರುವ ಕೋಡೀನ್, ನೋವಿನ ಟ್ರಾಮಡಾಲ್ ಇವೆಲ್ಲ ಈ ಪಟ್ಟಿಯಲ್ಲಿವೆ. ಕ್ಷಯರೋಗದ ಔಷಧಿಗಳೂ ಸೆಫಿಕ್ಸಿಮ್‌ನಂಥ ಆಂಟಿಬಯಾಟಿಕ್‌ಗಳೂ ಇದರಲ್ಲೇ ಸೇರಿವೆ.

ಮೂರನೆಯದು ಶೆಡ್ಯೂಲ್ ಎಕ್ಸ್. ಕೆಟಮಿನ್, ಮಿಥೈಲ್‌ಫೆನಿಡೇಟ್ ಮುಂತಾದವು ಇದರಲ್ಲಿವೆ. ಇವುಗಳಿಗೆ ನಿಯಮ ಇನ್ನೂ ಬಿಗಿ.

ಇದರ ಮೇಲೆ 1985ರ ಮಾದಕ ವಸ್ತುಗಳ ಕಾಯ್ದೆಯೂ ಇದೆ. ಆಲ್ಪ್ರಜೋಲಮ್, ಡಯಾಜೆಪಾಮ್ ಆ ಕಾಯ್ದೆಗೂ ಒಳಪಟ್ಟಿವೆ. 2018ರಲ್ಲಿ ಟ್ರಾಮಡಾಲ್ ಕೂಡ ಅದಕ್ಕೆ ಸೇರಿತು.

ಓದು ಬಾರದವರೂ ಗುರುತಿಸಬಹುದಾದ ಒಂದು ಗುರುತಿದೆ. ಎಚ್-1 ಔಷಧಿಯ ಪೊಟ್ಟಣದ ಮೇಲೆ ಕೆಂಪು ಬಣ್ಣದಲ್ಲಿ ಆರ್‌ಎಕ್ಸ್ ಎಂದು ಬರೆದು, ಕೆಂಪು ಗೆರೆಯ ಚೌಕದೊಳಗೆ ಎಚ್ಚರಿಕೆ ಮುದ್ರಿಸಿರುತ್ತಾರೆ. ಮಾದಕ ಕಾಯ್ದೆಗೆ ಒಳಪಟ್ಟ ಔಷಧಿಗೆ ಎನ್‌ಆರ್‌ಎಕ್ಸ್, ಶೆಡ್ಯೂಲ್ ಎಕ್ಸ್ ಔಷಧಿಗೆ ಎಕ್ಸ್‌ಆರ್‌ಎಕ್ಸ್ ಎಂಬ ಕೆಂಪು ಗುರುತು ಇರುತ್ತದೆ. ಪೊಟ್ಟಣದ ಮೇಲೆ ಕೆಂಪು ಕಂಡರೆ ಕೈ ತಡೆಯಿರಿ, ವೈದ್ಯರನ್ನು ಕೇಳಿರಿ. ಮಕ್ಕಳಿಗೂ ಇದನ್ನು ಕಲಿಸಿರಿ.

ಅಂಗಡಿಯವರು ಏನು ಮಾಡಬೇಕು?

ಔಷಧಿ ಅಂಗಡಿಗೆ ಲೈಸೆನ್ಸ್ ಬೇಕು. ಅದನ್ನು ಜನರ ಕಣ್ಣಿಗೆ ಬೀಳುವ ಕಡೆ ತೂಗುಹಾಕಬೇಕು. ಚೀಟಿಯ ಔಷಧಿಯನ್ನು ನೋಂದಾಯಿತ ಫಾರ್ಮಸಿಸ್ಟ್ ಸ್ವತಃ ನಿಂತು ನೋಡಿಕೊಂಡು ಕೊಡಬೇಕು.

ಚೀಟಿಯಲ್ಲಿ ವೈದ್ಯರ ಸಹಿ, ತಾರೀಖು, ರೋಗಿಯ ಹೆಸರು ಮತ್ತು ವಿಳಾಸ, ಔಷಧಿಯ ಪ್ರಮಾಣ ಇರಬೇಕು. ಮತ್ತೆ ಕೊಡಬಹುದು ಎಂದು ವೈದ್ಯರೇ ಬರೆದಿಲ್ಲದಿದ್ದರೆ ಒಂದು ಚೀಟಿಗೆ ಒಂದೇ ಸಲ ಕೊಡಬೇಕು. ಕೊಟ್ಟ ಮೇಲೆ ಅಂಗಡಿಯ ಹೆಸರು ಮತ್ತು ತಾರೀಖನ್ನು ಚೀಟಿಯ ಮೇಲೆ ನಮೂದಿಸಬೇಕು. ಚೀಟಿಯಲ್ಲಿ ಬರೆದದ್ದನ್ನು ಬಿಟ್ಟು "ಇದೂ ಅದೇರಿ" ಎಂದು ಬೇರೆಯದನ್ನು ಕೊಡುವಂತಿಲ್ಲ.

ಎಚ್-1 ಔಷಧಿಯಾದರೆ ಪ್ರತ್ಯೇಕ ರಿಜಿಸ್ಟರ್ ಇಡಬೇಕು. ವೈದ್ಯರ ಹೆಸರು ಮತ್ತು ವಿಳಾಸ, ರೋಗಿಯ ಹೆಸರು, ಔಷಧಿ, ಎಷ್ಟು ಕೊಟ್ಟರು ಇಷ್ಟನ್ನೂ ಬರೆದು ಮೂರು ವರ್ಷ ಕಾದಿಡಬೇಕು. ಔಷಧ ನಿಯಂತ್ರಣ ಇಲಾಖೆಯ ಅಧಿಕಾರಿಗಳು ಬಂದರೆ ಇದನ್ನು ತೋರಿಸಬೇಕು. ಶೆಡ್ಯೂಲ್ ಎಕ್ಸ್ ಔಷಧಿಗೆ ಬೇರೆ ಲೈಸೆನ್ಸ್ ಬೇಕು, ಅದನ್ನು ಕೀಲಿ ಹಾಕಿದ ಕಪಾಟಿನಲ್ಲಿಡಬೇಕು. ಅದಕ್ಕೆ ಚೀಟಿ ಎರಡು ಪ್ರತಿ ಇರಬೇಕು. ಒಂದು ಪ್ರತಿಯನ್ನು ಅಂಗಡಿಯವರು ಎರಡು ವರ್ಷ ಇಟ್ಟುಕೊಳ್ಳುತ್ತಾರೆ.

ಆದ್ದರಿಂದ ಅಂಗಡಿಯವರು ಹೆಸರು ಕೇಳಿ ಬರೆದುಕೊಂಡರೆ ನಮ್ಮ ಮೇಲೆ ಅನುಮಾನಪಟ್ಟರೆಂದು ತಿಳಿಯಬೇಡಿ. ಅವರು ತಮ್ಮ ಕರ್ತವ್ಯ ಮಾಡುತ್ತಿದ್ದಾರೆ.

ನಮ್ಮ ಭಾಗದವರಿಗೆ ಇನ್ನೊಂದು ಮಾತು. ಮಿರಜ, ಕೊಲ್ಹಾಪುರದ ವೈದ್ಯರಿಗೆ ಫೋನ್ ಮಾಡಿ ವಾಟ್ಸ್ಆ್ಯಪ್‌ನಲ್ಲಿ ಚೀಟಿ ತರಿಸಿಕೊಳ್ಳುವ ರೂಢಿ ಬೆಳೆದಿದೆ. 2020ರಲ್ಲಿ ಬಂದ ಟೆಲಿಮೆಡಿಸಿನ್ ಮಾರ್ಗಸೂಚಿಯ ಪ್ರಕಾರ ಶೆಡ್ಯೂಲ್ ಎಕ್ಸ್ ಮತ್ತು ಮಾದಕ ಕಾಯ್ದೆಯ ಔಷಧಿಗಳನ್ನು ಫೋನಿನ ಮೇಲೆ ಬರೆದುಕೊಡುವಂತಿಲ್ಲ. ವೈದ್ಯರನ್ನು ಎದುರಿಗೆ ಕಂಡೇ ಚೀಟಿ ಪಡೆಯಬೇಕು.

ಇಷ್ಟು ಬಿಗಿ ಏಕೆ?

ನಿದ್ದೆಯ ಗುಳಿಗೆ ಕೆಲವು ವಾರ ಸತತ ನುಂಗಿದರೆ ದೇಹ ಅದಕ್ಕೆ ಒಗ್ಗಿಹೋಗುತ್ತದೆ. ಮೊದಲು ಅರ್ಧ ಸಾಕಾಗುತ್ತಿತ್ತು, ಆಮೇಲೆ ಒಂದು ಬೇಕು, ಮುಂದೆ ಎರಡು. ವಯಸ್ಸಾದವರು ರಾತ್ರಿ ಎದ್ದಾಗ ತೂಕಡಿಸಿ ಬಿದ್ದು ಎಲುಬು ಮುರಿದುಕೊಳ್ಳಬಹುದು. ಮರೆವು ಹೆಚ್ಚುತ್ತದೆ. ಟ್ರಾಮಡಾಲ್ ಅತಿಯಾದರೆ ಫಿಟ್ಸ್ ಬರಬಹುದು. ಕೋಡೀನ್ ಅತಿಯಾದರೆ ಉಸಿರಾಟ ನಿಧಾನವಾಗಿ ಪ್ರಾಣಕ್ಕೆ ಅಪಾಯವಾಗಬಹುದು. ದೊಡ್ಡವರ ಕೆಮ್ಮಿನ ಸಿರಪ್ಪನ್ನು ಮಕ್ಕಳಿಗೆ ಎಂದೂ ಕುಡಿಸಬೇಡಿ.

ಇದಕ್ಕಿಂತ ದೊಡ್ಡ ಅಪಾಯ ಮತ್ತೊಂದಿದೆ. ಚೀಟಿ ಇಲ್ಲದೆ ದಾದಿಗೆ ಗುಳಿಗೆ ಕೊಡುವ ಅಂಗಡಿ, ಚೀಟಿ ಇಲ್ಲದೆ ಮೊಮ್ಮಗನಿಗೂ ಕೊಡುತ್ತದೆ. ದಾದಿಗಾಗಿ ನಾಲ್ಕು ಸಲ ಅದೇ ಗುಳಿಗೆ ತಂದ ಹುಡುಗ ಐದನೆಯ ಸಲ ಯಾರಿಗಾಗಿ ತಂದ ಎಂದು ನಮಗೆ ಗೊತ್ತಾಗುವುದಿಲ್ಲ. ದಾರಿ ತೋರಿಸಿದವರು ನಾವೇ ಆಗಿರುತ್ತೇವೆ.

ದೀನ್ ಏನು ಹೇಳುತ್ತದೆ?

ಇಸ್ಲಾಮ್ ಶೆರೆಯನ್ನು ಮಾತ್ರ ನಿಷೇಧಿಸಿಲ್ಲ. ಬುದ್ಧಿಗೆ ಮಂಕು ಕವಿಸುವ ಅಮಲು ಯಾವ ರೂಪದಲ್ಲಿದ್ದರೂ ಹರಾಮ್. ಬಾಟಲಿಯ ಮೇಲೆ ಔಷಧಿ ಎಂದು ಬರೆದಿದ್ದರೂ ಅಮಲಿಗಾಗಿ ಕುಡಿದರೆ ಅದು ಅಮಲೇ. "ನಾನು ಶೆರೆ ಮುಟ್ಟಿಲ್ಲ" ಎನ್ನುವ ಹುಡುಗ ಸಿರಪ್ ಬಾಟಲಿ ಖಾಲಿ ಮಾಡುತ್ತಿದ್ದರೆ ತನ್ನನ್ನೇ ಮೋಸಗೊಳಿಸುತ್ತಿದ್ದಾನೆ.

ಆದರೆ ಇದೇ ಮಾತನ್ನು ನಿಜವಾದ ರೋಗಿಯ ಮೇಲೆ ಹೇರಬಾರದು. ಕ್ಯಾನ್ಸರ್ ನೋವಿಗೆ ವೈದ್ಯರು ಮಾರ್ಫಿನ್ ಕೊಟ್ಟರೆ, ಫಿಟ್ಸ್‌ಗೆ ಡಯಾಜೆಪಾಮ್ ಕೊಟ್ಟರೆ ಅದು ಚಿಕಿತ್ಸೆ. ನಿಜವಾದ ಅಗತ್ಯವಿದ್ದು ಬಲ್ಲ ವೈದ್ಯರು ಹೇಳಿದಷ್ಟೇ ತೆಗೆದುಕೊಳ್ಳುವುದಕ್ಕೆ ಉಲಮಾಗಳು ಅನುಮತಿ ಹೇಳುತ್ತಾರೆ. ಸಂಶಯವಿದ್ದರೆ ನಿಮ್ಮ ಆಲಿಮರನ್ನು ಕೇಳಿರಿ. ಅವರಿವರ ಮಾತು ಕೇಳಿ ರೋಗಿಯನ್ನು ನೋವಿನಲ್ಲಿ ನರಳಲು ಬಿಡಬೇಡಿ.

ದೇಹ ನಮಗೆ ಅಲ್ಲಾಹನು ಕೊಟ್ಟ ಅಮಾನತ್. ಅಂಗಡಿಯವರಿಗೆ ಲೈಸೆನ್ಸ್ ಕೂಡ ಒಂದು ಅಮಾನತ್. ನಮ್ಮ ಸಮುದಾಯದಲ್ಲೂ ಮೆಡಿಕಲ್ ನಡೆಸುವ ಸಹೋದರರಿದ್ದಾರೆ. ಅವರಿಗೆ ನಮ್ಮ ವಿನಂತಿ: ಚೀಟಿ ಇಲ್ಲದ ಗಿರಾಕಿಯನ್ನು ಕಳಿಸಿದರೆ ಇಂದಿನ ವ್ಯಾಪಾರ ಸ್ವಲ್ಪ ಕಡಿಮೆಯಾಗಬಹುದು, ಗಳಿಕೆಯ ಬರಕತ್ ಕಡಿಮೆಯಾಗದು.

ಮನೆಯಲ್ಲಿ ನಾವು ಮಾಡಬೇಕಾದದ್ದು

1. ಕೆಂಪು ಗುರುತಿನ ಔಷಧಿ ತರಲು ಮಕ್ಕಳನ್ನು ಕಳಿಸಬೇಡಿ. ದೊಡ್ಡವರೇ ಚೀಟಿ ಹಿಡಿದು ಹೋಗಿರಿ.

2. ಬಿಲ್ ಕೇಳಿ ಪಡೆಯಿರಿ. ಚೀಟಿ ಮತ್ತು ಬಿಲ್ ಒಂದೇ ಚೀಲದಲ್ಲಿಡಿ.

3. ಇಂಥ ಗುಳಿಗೆಗಳನ್ನು ಟಿವಿ ಮೇಲೆ, ದಿಂಬಿನ ಕೆಳಗೆ ಇಡಬೇಡಿ. ಪೆಟ್ಟಿಗೆಯಲ್ಲಿಟ್ಟು ಕೀಲಿ ಹಾಕಿರಿ. ವಾರಕ್ಕೊಮ್ಮೆ ಎಣಿಸಿರಿ.

4. ಒಬ್ಬರಿಗೆ ಬರೆದ ಗುಳಿಗೆಯನ್ನು "ನನಗ ಆರಾಮಾತು, ನೀನೂ ತಗೋ" ಎಂದು ನೆರೆಯವರಿಗೆ ಕೊಡಬೇಡಿ.

5. ರಮಝಾನ್‌ಗೆ ಮೊದಲೇ ವೈದ್ಯರನ್ನು ಕಂಡು ಔಷಧಿಯ ವೇಳೆಯನ್ನು ಸಹರಿ, ಇಫ್ತಾರ್‌ಗೆ ಹೊಂದಿಸಿಕೊಳ್ಳಿರಿ.

ಈಗಾಗಲೇ ರೂಢಿಯಾಗಿದ್ದರೆ?

ಈ ಪಾಠ ಓದಿ ಇಂದೇ ದಾದಿಯ ಗುಳಿಗೆಯನ್ನು ಕಸಿದು ಬಿಸಾಡಬೇಡಿ. ಬಹಳ ದಿನ ನುಂಗಿದ ನಿದ್ದೆಯ ಗುಳಿಗೆಯನ್ನು ಒಮ್ಮೆಲೇ ಬಿಟ್ಟರೆ ಕೈಕಾಲು ನಡುಕ, ವಿಪರೀತ ಗಾಬರಿ, ಫಿಟ್ಸ್ ಕೂಡ ಬರಬಹುದು. ವೈದ್ಯರು ಪ್ರಮಾಣವನ್ನು ನಿಧಾನವಾಗಿ ಇಳಿಸುತ್ತಾರೆ. ಸ್ಟ್ರಿಪ್ ತೆಗೆದುಕೊಂಡು ತಾಲೂಕು ಆಸ್ಪತ್ರೆಗೆ ಹೋಗಿ, ಎಷ್ಟು ದಿನದಿಂದ ಎಷ್ಟು ಗುಳಿಗೆ ಎಂದು ಮುಚ್ಚುಮರೆಯಿಲ್ಲದೆ ಹೇಳಿರಿ.

ಮಗ ಸಿಕ್ಕಿಬಿದ್ದಿದ್ದಾನೆ ಎಂದು ತಿಳಿದರೂ ಹೊಡೆಯುವುದು, ಮನೆಯಿಂದ ಹೊರಹಾಕುವುದು ಪರಿಹಾರವಲ್ಲ. ವ್ಯಸನವೂ ಚಿಕಿತ್ಸೆ ಇರುವ ಕಾಯಿಲೆ. ವ್ಯಸನಮುಕ್ತಿಗೆ ಸರ್ಕಾರದ ಉಚಿತ ಸಹಾಯವಾಣಿ 14446, ಮನಸ್ಸಿನ ತೊಂದರೆಗೆ ಟೆಲಿಮಾನಸ್ 14416. ಬದನಾಮಿಯ ಹೆದರಿಕೆಯಿಂದ ಮುಚ್ಚಿಟ್ಟರೆ ಕಾಯಿಲೆ ಬೆಳೆಯುತ್ತದೆ. ಮಸೀದಿಯ ಇಮಾಮರು, ಜಮಾಅತಿನ ಹಿರಿಯರು ಇಂಥ ಕುಟುಂಬವನ್ನು ಆಡಿಕೊಳ್ಳದೆ ಆಸ್ಪತ್ರೆಯವರೆಗೆ ಜೊತೆಗೆ ಹೋದರೆ ದೊಡ್ಡ ಖಿದ್ಮತ್ ಆಗುತ್ತದೆ.

ಮುಂದಿನ ಸಲ ಮೆಡಿಕಲ್‌ನವರು "ಚೀಟಿ ಎಲ್ಲೈತ್ರಿ?" ಎಂದು ಕೇಳಿದಾಗ ಸಿಟ್ಟಾಗಬೇಡಿ. ಶುಕ್ರಿಯಾ ಹೇಳಿರಿ. ಅವರು ಕಾಯುತ್ತಿರುವುದು ನಿಮ್ಮ ಮನೆಯ ಮಕ್ಕಳನ್ನೇ.

ಅಲ್ಲಾಹನು ನಮ್ಮೆಲ್ಲರಿಗೂ ಆರೋಗ್ಯ ಮತ್ತು ಆಫಿಯತ್ ಕರುಣಿಸಲಿ. ಆಮೀನ್.