ಒಂದು ಮೀಟರಿಗೆ ಎಷ್ಟು ಒಲೆ?

ಮಗೂ, ಮೊದಲು ಆ ಲ್ಯಾಪ್‌ಟಾಪ್ ಮುಚ್ಚು. ಕಾಫಿ ಕುಡಿ, ಆಮೇಲೆ ಓಡುವೆಯಂತೆ.

ನೀರಿನ ಬಿಲ್ ಕಟ್ಟಲು ಪರದಾಡುವ ಮನೆಗಳನ್ನು ಹುಡುಕಿ ರಿಯಾಯಿತಿ ಕೊಡಿಸಬೇಕು ಅಂತ ಹೊರಟಿದ್ದೀಯ. ಒಳ್ಳೆಯ ಕೆಲಸ. ಆದರೆ ಒಂದೇ ರಾತ್ರಿಯಲ್ಲಿ ಬಾಕಿದಾರರ ಪಟ್ಟಿ ತೆಗೆದು, ಕೆಂಪು ಬಣ್ಣ ಬಳಿದು, ಕೆಲಸ ಮುಗಿಯಿತು ಅಂತ ಕೈ ತೊಳೆದುಕೊಂಡೆಯಲ್ಲ! ಅನ್ನ ಬೇಯುವವರೆಗೆ ಕಾದೆ, ಆರುವವರೆಗೆ ಕಾಯಲಿಲ್ಲ.

ನಿನ್ನ ಪಟ್ಟಿಯಲ್ಲಿ ಮೊದಲು ಕೂತಿರುವ ಮನೆ ನನಗೆ ಗೊತ್ತು. ಬಾಗಿಲಲ್ಲಿ ಎರಡು ಕಾರು. ಬಾಕಿ ಉಳಿಸುವುದು ಕೆಲವರಿಗೆ ಚಾಳಿ. ಅದೇ ಬೀದಿಯಲ್ಲಿ ಹೂ ಕಟ್ಟುವ ಮುದುಕಿ ಬಿಲ್ ಬಂದ ಮೂರನೇ ದಿನ ಕಟ್ಟಿಬಿಡುತ್ತಾಳೆ, ಮಾನಕ್ಕೆ ಅಂಜಿ. ಆ ತಿಂಗಳು ಬಿಪಿ ಮಾತ್ರೆ ತರುವುದಿಲ್ಲ. ನಿನ್ನ ಲೆಕ್ಕದಲ್ಲಿ ಆಕೆಗೆ ಏನೂ ಕಷ್ಟವಿಲ್ಲ!

ನಾನೂ ಇಂಥ ದಡ್ಡನೇ ಆಗಿದ್ದೆ. ಬೆಂಗಳೂರಿನಲ್ಲಿ ಮೀಟರ್ ಓದುತ್ತಿದ್ದ ಹೊಸತು. ಒಂದು ಮನೆಯಲ್ಲಿ ತಿಂಗಳಿಗೆ ಮೂವತ್ತು ಸಾವಿರ ಲೀಟರ್. 'ಏನಮ್ಮಾ, ನೀರಲ್ಲಿ ಹೋಳಿ ಆಡ್ತೀರಾ?' ಅಂದುಬಿಟ್ಟೆ. ಆ ಅಜ್ಜಿ ಮಾತಾಡದೆ ಒಳಗೆ ಕರೆದುಕೊಂಡು ಹೋದರು. ವಠಾರ. ಐದು ಬಾಗಿಲು, ಐದು ಒಲೆ, ಒಂದು ನಲ್ಲಿ. ಬೈಯಲಿಲ್ಲ, ಒಂದು ಲೋಟ ಮಜ್ಜಿಗೆ ಕೊಟ್ಟರು. ಬೈದಿದ್ದರೇ ವಾಸಿಯಿತ್ತು.

ಈಗ ನೀನೇ ಲೆಕ್ಕ ಹಾಕು. ಒಲೆಗೊಂದು ಆರು ಸಾವಿರ ಲೀಟರ್. ನಾಲ್ಕು ಜನರಿಗೆ ಹಂಚಿದರೆ ಒಬ್ಬೊಬ್ಬರಿಗೆ ದಿನಕ್ಕೆ 50 ಲೀಟರ್. ಬೆಂಗಳೂರಿನ ದರಪಟ್ಟಿಯಲ್ಲಿ 8,000 ಲೀಟರ್‌ವರೆಗೆ ಎಲ್ಲಕ್ಕಿಂತ ಅಗ್ಗ, 25,000 ದಾಟಿದರೆ ಮೂರನೇ ಮೆಟ್ಟಿಲು. ಬೇರೆ ಬೇರೆ ಮೀಟರ್ ಇದ್ದಿದ್ದರೆ ಐವರೂ ಮೊದಲ ಮೆಟ್ಟಿಲಲ್ಲೇ ಇರುತ್ತಿದ್ದರು. ಪುಸ್ತಕದಲ್ಲಿ ಒಂದೇ ಮನೆ ಅಂತ ಬರೆದಿದ್ದರೆ, ಅಷ್ಟು ಜನ ಸೇರಿ ಶ್ರೀಮಂತರ ದರ ತೆರಬೇಕು. ದೆಹಲಿಯಲ್ಲಿ 2015ರಿಂದ ತಿಂಗಳಿಗೆ 20,000 ಲೀಟರ್ ಉಚಿತ, ಸರಿ. ಆದರೆ ಗೆರೆ ದಾಟಿದರೆ ಪೂರ್ತಿ ಬಿಲ್ ಕಟ್ಟಬೇಕು. ಒಂದೇ ನಲ್ಲಿ ಹಂಚಿಕೊಂಡವರು ಅಲ್ಲೂ ಕೆಟ್ಟರು.

ಇಂಥವರನ್ನು ಹುಡುಕಲು ನಿನ್ನ ವಿದ್ಯೆ ಬೇಕು ನೋಡು. ನಮ್ಮ ಬೆಂಗಳೂರಲ್ಲಿ ಬಾಡಿಗೆಗೆ ಕೊಡುವವರು ನೀರಿಗೆ ಒಂದೇ ಮೀಟರ್ ಇಟ್ಟು ಕರೆಂಟಿಗೆ ಮಾತ್ರ ಬೇರೆ ಬೇರೆ ಹಾಕಿಸುವುದುಂಟು. 2023ರಲ್ಲಿ ಉಚಿತ ಕರೆಂಟಿನ ಗೃಹಜ್ಯೋತಿ ಯೋಜನೆ ಬಂದಾಗ ಬಾಡಿಗೆದಾರರೂ ತಮ್ಮ ಮೀಟರ್ ನೋಂದಾಯಿಸಿದರು. ಒಂದು ನೀರಿನ ಮೀಟರಿರುವ ವಿಳಾಸದಲ್ಲಿ ಎಷ್ಟು ಕರೆಂಟ್ ಮೀಟರ್ ಇವೆ, ಕರೆಂಟ್ ಕಚೇರಿಯಲ್ಲಿ ಅಷ್ಟು ಕೇಳು. ಹೆಸರು ಕೇಳಬೇಡ, ಎಣಿಕೆ ಸಾಕು. ಐದು ಎಂದು ಬಂದರೆ ಅಲ್ಲಿ ವಠಾರವಿದೆ. ರೇಷನ್ ಕಾರ್ಡಿನ ಹೆಸರನ್ನು ಬಿಲ್ಲಿನ ಹೆಸರಿಗೆ ಜೋಡಿಸಲು ಹೋದರೆ ಮಾತ್ರ ಮುಖ ಒಡೆದುಕೊಳ್ಳುತ್ತೀಯ. ಬಿಲ್ಲು ಇಪ್ಪತ್ತು ವರ್ಷದ ಹಿಂದೆ ತೀರಿಕೊಂಡ ಮಾವನ ಹೆಸರಲ್ಲಿರುತ್ತದೆ.

ಇಂಗ್ಲೆಂಡಿನಲ್ಲಿ 2017ರಲ್ಲಿ ಕಾನೂನು ಮಾಡಿ, ಬಿಲ್ ಕಟ್ಟಲು ಪರದಾಡುವವರನ್ನು ಹುಡುಕಲು ಸರ್ಕಾರಿ ಕಚೇರಿಗಳೂ ನೀರಿನ ಕಂಪನಿಗಳೂ ಮಾಹಿತಿ ಹಂಚಿಕೊಳ್ಳಲು ದಾರಿ ಮಾಡಿಕೊಟ್ಟರು. ಸರ್ಕಾರಿ ನೆರವು ಪಡೆಯುವ ಮನೆಯಲ್ಲಿ ಮೂರು ಅಥವಾ ಹೆಚ್ಚು ಮಕ್ಕಳಿದ್ದರೆ, ಇಲ್ಲವೇ ನೀರು ಜಾಸ್ತಿ ಬೇಕಾಗುವ ಕಾಯಿಲೆಯಿದ್ದರೆ, ಮೀಟರ್ ಎಷ್ಟೇ ಓಡಲಿ, ಬಿಲ್ಲಿಗೊಂದು ಮಿತಿಯಿದೆ. ಜಾಸ್ತಿ ನೀರು ಬಳಸಿದವರೆಲ್ಲ ದುಂದುಗಾರರಲ್ಲ ಅಂತ ಯಾರೋ ಒಳಹೊಕ್ಕು ನೋಡಿದ್ದಾರೆ. ಅವರಿಗೂ ಎಲ್ಲೋ ಮಜ್ಜಿಗೆ ಸಿಕ್ಕಿರಬೇಕು.

ಇನ್ನೊಂದು. ಹೀಗೆ ಹುಡುಕಿ ಮಾಡಿದ ಹೊಸ ಪಟ್ಟಿಯನ್ನು ವಾರ್ಡ್ ಕಚೇರಿಯ ಗೋಡೆಗೆ ಅಂಟಿಸಿದೆಯೋ, ನಿನ್ನ ಕಿವಿ ಹಿಂಡುತ್ತೇನೆ. ಹೂ ಕಟ್ಟುವ ಮುದುಕಿ ಆಮೇಲೆ ಆ ಬೀದಿಯಲ್ಲಿ ತಲೆ ಎತ್ತುವುದಿಲ್ಲ. ಮನೆಗೆ ಹೋದಾಗ 'ನೀವು ಬಡವರಂತೆ' ಅಂತ ಶುರುಮಾಡಬೇಡ. 'ಮೀಟರ್ ಸರಿಯಾಗಿ ಓಡ್ತಿದೆಯಾ ಅಮ್ಮಾ?' ಅನ್ನು. ಮಿಕ್ಕಿದ್ದನ್ನು ಅವರೇ ಹೇಳುತ್ತಾರೆ, ನೀನು ಅರ್ಧ ಗಂಟೆ ಬಾಯಿ ಮುಚ್ಚಿಕೊಂಡಿದ್ದರೆ. ಅದು ನಿನಗೆ ಕಷ್ಟ, ಗೊತ್ತು.

ನಾಳೆ ಬೆಳಗ್ಗೆ ಆರಕ್ಕೆ ಬಾ, ನೀರು ಬಿಡುವ ಹೊತ್ತಿಗೆ. ಆ ವಠಾರಕ್ಕೆ ಹೋಗೋಣ. ಲ್ಯಾಪ್‌ಟಾಪ್ ಇಲ್ಲೇ ಇರಲಿ. ಚಪ್ಪಲಿ ಹಳೆಯದು ಹಾಕಿಕೋ, ನಲ್ಲಿ ಹತ್ತಿರ ಕೆಸರು.